ಎರಡು ಭೀತಿಗಳ ನಡುವೆ ಕ್ಯಾನ್ಸರ್ ರೋಗಿ

ಕ್ಯಾನ್ಸರ್ ಎಂಬ ಹೆಸರೇ ಮನಸ್ಸನ್ನು ನಡುಗಿಸುವಂಥದು. ಅದರ ಮೇಲೆ ಮಹಾಮಾರಿಯೊಂದರ ಭೀತಿಯೂ ಬಂದೆರಗಿದರೆ ರೋಗಿಯ ಮನಃಸ್ಥಿತಿ ಏನಾದೀತು? 2020ರ ಕೋವಿಡ್ ಹಾವಳಿ ಈ ಪ್ರಶ್ನೆಯನ್ನು ಮನೆಬಾಗಿಲಿಗೇ ತಂದಿತು.

ಕೀಮೋಥೆರಪಿಯ ಔಷಧಗಳು ಕ್ಯಾನ್ಸರ್ ಕೋಶಗಳೊಡನೆ ಅಸ್ಥಿಮಜ್ಜೆಯ ಆರೋಗ್ಯವಂತ ಕೋಶಗಳಿಗೂ ಹಾನಿ ಮಾಡುತ್ತವೆ. ಆಗ ರಕ್ತದ ಬಿಳಿಯ ಕಣಗಳು ಇಳಿಮುಖವಾಗಿ ಸೋಂಕನ್ನು ಎದುರಿಸುವ ಶಕ್ತಿ ಕುಗ್ಗುತ್ತದೆ. ಆದುದರಿಂದ ರೋಗಿಗಳ ಭಯಕ್ಕೆ ಆಧಾರವಿತ್ತು. ಆಸ್ಪತ್ರೆಗೆ ಹೋದರೆ ಸೋಂಕು ತಗಲೀತು. ಹೋಗದಿದ್ದರೆ ಗೆಡ್ಡೆ ಬೆಳೆದೀತು. ಈ ಇಕ್ಕಟ್ಟಿನಲ್ಲಿ ಸಿಲುಕಿದವರಿಗೆ ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಸಣ್ಣ ಕೆಮ್ಮಿಗೂ ಎದೆ ಹೊಡೆದುಕೊಳ್ಳುವುದು ಸಹಜ.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಗೆ ಬಂದಾಗ ಮುಂಬಯಿಯ ಉಪನಗರ ರೈಲುಗಳು ಆಗಲೇ ನಿಂತಿದ್ದವು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ಚಿಕಿತ್ಸೆಯನ್ನು ನಿಲ್ಲಿಸಲಿಲ್ಲ. ಆದರೆ ಅಲ್ಲಿಗೆ ತಲುಪುವುದೇ ಅನೇಕರಿಗೆ ದುಸ್ತರವಾಯಿತು. ದೇಶದ 41 ಕ್ಯಾನ್ಸರ್ ಕೇಂದ್ರಗಳಲ್ಲಿ ಆ ವರ್ಷದ ಮಾರ್ಚ್‌ನಿಂದ ಮೇವರೆಗೆ ಹೊಸ ರೋಗಿಗಳ ನೋಂದಣಿ 2019ರ ಅದೇ ಅವಧಿಗಿಂತ ಶೇಕಡಾ 54ರಷ್ಟೂ, ದೊಡ್ಡ ಶಸ್ತ್ರಚಿಕಿತ್ಸೆಗಳು ಶೇಕಡಾ 49ರಷ್ಟೂ ಕಡಿಮೆಯಾದವು. ರೋಗ ಮಾತ್ರ ಯಾರಿಗಾಗಿಯೂ ಕಾಯಲಿಲ್ಲ.

ಪರಊರಿನಲ್ಲಿ ನೆಲಸಿದ ಕುಟುಂಬಗಳಿಗೆ ಇನ್ನೊಂದು ಕೊರಗು. ಕಷ್ಟಕಾಲದಲ್ಲಿ ಊರಿನಿಂದ ಬಂದು ಒಲೆಯ ಮುಂದೆ ನಿಲ್ಲಬೇಕಾದ ತಾಯಿಯೋ ಅಕ್ಕನೋ ಬರುವಂತಿರಲಿಲ್ಲ. ಜೊತೆಗಿದ್ದವರೂ ವಾರ್ಡಿನ ಹೊರಗೇ ಉಳಿಯಬೇಕಾಯಿತು. ಮನೆಯವರಿಗೆ ಭಾರವಾಗಬಾರದೆಂದು ರೋಗಿ ಮೌನ ತಾಳಿದರೆ, ರೋಗಿ ನೊಂದಾರೆಂದು ಮನೆಯವರೂ ಮೌನ ತಾಳಿದರು. ಈ ಮೌನ ಅಪಾಯಕರ. ಕೀಮೋಥೆರಪಿಯ ಅವಧಿಯಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ತಿಳಿಸಬೇಕು. ಹೆದರಿ ಮುಚ್ಚಿಟ್ಟ ಜ್ವರ ಪ್ರಾಣಕ್ಕೇ ಎರವಾಗಬಹುದು.

ಹಾಗಾದರೆ ಮನೆಯವರು ಮಾಡಬೇಕಾದುದೇನು? "ಧೈರ್ಯವಾಗಿರಿ" ಎಂದು ಹೇಳಿ ಮಾತು ಮುಗಿಸುವ ಬದಲು, ಯಾವುದಕ್ಕೆ ಹೆಚ್ಚು ಭಯವಾಗುತ್ತಿದೆ ಎಂದು ಕೇಳಿ, ಉತ್ತರವನ್ನು ತಾಳ್ಮೆಯಿಂದ ಆಲಿಸಬೇಕು. ಚಿಕಿತ್ಸೆಯ ದಿನವನ್ನು ಮುಂದೂಡುವ ನಿರ್ಧಾರವನ್ನು ತಾವೇ ಕೈಗೊಳ್ಳದೆ ವೈದ್ಯರಿಗೆ ಬಿಡಬೇಕು. ಖಿನ್ನತೆ, ಯಾವುದರಲ್ಲೂ ಆಸಕ್ತಿಯಿಲ್ಲದಿರುವಿಕೆ ಎರಡು ವಾರ ಮೀರಿದರೆ ಅದನ್ನೂ ನೋವು, ವಾಂತಿಗಳಂತೆಯೇ ವೈದ್ಯರಿಗೆ ಹೇಳಬೇಕು. ಬದುಕು ಬೇಡವೆಂಬ ಮಾತು ಬಂದರೆ ರೋಗಿಯನ್ನು ಒಂಟಿಯಾಗಿ ಬಿಡದೆ ಕೂಡಲೇ ನೆರವು ಪಡೆಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಮನದಳಲನ್ನು ತಾಯ್ನುಡಿಯಲ್ಲಿ ತೋಡಿಕೊಳ್ಳುವುದು ಪರಸ್ಥಳದಲ್ಲಿರುವವರಿಗೆ ಸಣ್ಣ ಸಮಾಧಾನವೇನಲ್ಲ.

ಮನಸ್ಸು ಕುಗ್ಗಿದವರು ಔಷಧ ತಪ್ಪಿಸುತ್ತಾರೆ, ತಪಾಸಣೆಗೆ ಹಿಂಜರಿಯುತ್ತಾರೆ. ಆದುದರಿಂದ ಮನಸ್ಸಿನ ಆರೈಕೆಯೂ ಕ್ಯಾನ್ಸರ್ ಚಿಕಿತ್ಸೆಯ ಒಂದು ಅಂಗವೇ ಸರಿ. ಮುಂದೆ ಎಂಥ ಸಾಂಕ್ರಾಮಿಕ ಬಂದರೂ ಬಂಧುಬಳಗ ಈ ಮಾತನ್ನು ಮರೆಯದಿರಲಿ.