ಮುಚ್ಚಿದ ಹಗೇವು, ಮಲಗಿದ ಜೀನ್

ನಿಮ್ಮ ಒಂದೊಂದು ಜೀವಕೋಶದಾಗ ಎಷ್ಟುದ್ದ ಡಿಎನ್‌ಎ ಅದ, ಗೊತ್ತೇನ್ರಿ? ಸುಮಾರು 2 ಮೀಟರ್!

ಕಣ್ಣಿಗೆ ಕಾಣದಷ್ಟು ಸಣ್ಣ ಜಾಗದಾಗ ಅದು ಹೆಂಗ ಹಿಡಸ್ತದ? ಹಿಸ್ಟೋನ್ ಅನ್ನೋ ಪ್ರೋಟೀನಿನ ಉಂಡಿಗೆ ಸುತ್ತಿಕೊಂಡು. ಈ ಸುತ್ತಿಗೆ ಕ್ರೊಮ್ಯಾಟಿನ್ ಅಂತಾರ. ಸುತ್ತು ಸಡಿಲಾದ್ರ ಜೀನ್ ಕೆಲಸ ಮಾಡ್ತದ, ಬಿಗಿಯಾದ್ರ ಸುಮ್ಮನಾಗ್ತದ.

ಮೋರಟಗಿ ಊರಿನ ಕಡೆ ಹಿರಿಯರನ್ನ ಕೇಳ್ರಿ. ನೆಲದಾಗ ಕಾಳು ಕೂಡಿಡೋ ಹಗೇವಿನ ಬಾಯಿ ಮುಚ್ಚಿ ಮಣ್ಣು ಮೆತ್ತಿದ್ರ, ಒಳಗ ಜೋಳ ಇದ್ರೂ ಮನ್ಯಾಗ ರೊಟ್ಟಿ ಆಗಂಗಿಲ್ಲ. ಎಷ್ಟೋ ಕ್ಯಾನ್ಸರ್ ಕೋಶಗಳೂ ಹಿಂಗೇ ಮಾಡ್ತಾವ. ಗಡ್ಡೆ ತಡೆಯೋ ಜೀನನ್ನ ಕೆಡಸೂದಿಲ್ಲ. ಡಿಎನ್‌ಎ ಮ್ಯಾಲ ಮಿಥೈಲ್ ಅನ್ನೋ ರಾಸಾಯನಿಕ ಗುರುತು ಹಚ್ಚಿ ಅದರ ಬಾಯಿ ಮುಚ್ಚಸ್ತಾವ.

ಬೆಂಗಳೂರಿನ ಜಕ್ಕೂರಿನಾಗಿರೋ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಾಗ ತಪಸ್ ಕುಂಡು ಅವರ ತಂಡ, ಪಿಎಚ್‌.ಡಿ. ಹುಡುಗ-ಹುಡುಗಿಯರ ಜೋಡಿ, ಇದೇ ಸುತ್ತಿನ ಗುಟ್ಟು ಹುಡುಕ್ಯದ. ಮುರುಗಲ ಹಣ್ಣಿನ ಗಾರ್ಸಿನಾಲ್, ಸುತ್ತು ಸಡಿಲಿಸೋ ಕಿಣ್ವವನ್ನ ತಡೀತದ ಅಂತ 2004ರಾಗ ಪ್ರಯೋಗಾಲಯದಾಗ ತೋರಿಸಿದ್ರು. ಹಂಗಂತ ಮುರುಗಲ ಶರಬತ್ತು ಕ್ಯಾನ್ಸರಿಗೆ ಔಷಧಿ ಅಲ್ಲ ಮತ್ತ!

ಅದೇ ವರ್ಷ ಅಮೆರಿಕದಾಗ, ಮಿಥೈಲ್ ಗುರುತು ಕಡಿಮಿ ಮಾಡೋ ಅಜಾಸಿಟಿಡೀನ್ ಔಷಧಿಗೆ ಅಸ್ಥಿಮಜ್ಜೆಯ ಒಂದು ರೋಗಕ್ಕ ಒಪ್ಪಿಗಿ ಸಿಕ್ತು.

ಹುಳ ಹಿಡಿದ ಕಾಳು ಮತ್ತ ಕಾಳಾಗಂಗಿಲ್ಲ. ಆದ್ರ ಮುಚ್ಚಿದ ಹಗೇವಿನ ಬಾಯಿ ತೆಗೀಬಹುದು ನೋಡ್ರಿ!