ಇನ್ನೇನಾದರೂ ಬೇಕಾ ಸರ್?

‘ಇದು ಸ್ಯಾಂಪಲ್ಲಾ ಮೇಡಂ? ಕಾಫಿ ಯಾವಾಗ ಬರುತ್ತೆ?’

ಜಯನಗರದ ಕಾಫಿ ಶಾಪೊಂದರಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ ಸೇರಿದ ಮೊದಲ ವಾರವೇ ಗಿರಾಕಿಯೊಬ್ಬರು ನನ್ನನ್ನು ಹೀಗೆ ಕೇಳಿದ್ದರು. ಅವರ ಮುಂದಿದ್ದದ್ದು ಎಸ್ಪ್ರೆಸೊ. ನಮ್ಮ ಮೆನುವಿನಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆ ಅದಕ್ಕೇ. ಮೊದಲ ಸಲ ಬಂದವರು ಬೆರಳಿಡುವುದೂ ಅದರ ಮೇಲೆಯೇ. ಬರುವುದು ಮಾತ್ರ ಪುಟಾಣಿ ಕಪ್ಪಿನಲ್ಲಿ ಎರಡು ಗುಟುಕು ಕಹಿ ಡಿಕಾಕ್ಷನ್! ನಗು ಬಂದರೂ ನಗಲಿಲ್ಲ. ಕೆಲವು ತಿಂಗಳ ಹಿಂದೆ ಗೆಳತಿಯರ ಜೊತೆ ಹೋದಾಗ ನಾನೂ ಅದನ್ನೇ ಹೇಳಿ, ಎಲ್ಲ ಗೊತ್ತಿದ್ದವಳಂತೆ ಮುಖ ಮಾಡಿಕೊಂಡು ಕುಡಿದಿದ್ದೆ.

ನಮ್ಮೂರು ಮೂಡಿಗೆರೆ ಹತ್ತಿರ. ಮನೆಯ ಸುತ್ತ ಮೂರು ಎಕರೆ ಕಾಫಿ. ಹಣ್ಣು ಕೊಯ್ಯುವುದು, ಕಣದಲ್ಲಿ ಹರವುವುದು, ಮೋಡ ಕಂಡರೆ ಓಡಿಹೋಗಿ ಟಾರ್ಪಾಲು ಹೊದಿಸುವುದು, ಇಷ್ಟೇ ನನಗೆ ಗೊತ್ತಿದ್ದ ಕಾಫಿ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ರಾಜ್ಯದವಳು, ಅದರಲ್ಲೂ ತೋಟದ ಮನೆಯವಳು, ಕಾಫಿ ಮಾಡುವುದನ್ನು ಕಲಿಯಲು ಬೆಂಗಳೂರಿನಲ್ಲಿ ಹದಿನೈದು ದಿನ ಟ್ರೇನಿಂಗ್ ತೆಗೆದುಕೊಂಡೆ. ಬಿ.ಕಾಂ ಓದುವುದರ ಜೊತೆಗೆ ಪಿ.ಜಿ ಬಾಡಿಗೆಯನ್ನೂ ಹೊಂದಿಸಬೇಕಿತ್ತು. ಕಾಲೇಜು ಮುಗಿಸಿ ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರವರೆಗೆ ನನ್ನ ಪಾಳಿ.

ಬೆಲೆ ಕೇಳಿ ಅಪ್ಪ ಫೋನಿನಲ್ಲೇ ಬೆಚ್ಚಿಬಿದ್ದಿದ್ದರು. ‘ಒಂದು ಲೋಟ ಕಾಫಿಗೆ ಇನ್ನೂರು ರೂಪಾಯಾ? ಅಷ್ಟು ದುಡ್ಡು ಕೊಟ್ಟು ಅದರಲ್ಲಿ ಏನು ಕುಡೀತಾರೆ ಮಾರಾಯ್ತಿ?’

ಅಪ್ಪನ ಪ್ರಶ್ನೆಗೆ ಉತ್ತರ ಸಿಗಲು ತಿಂಗಳು ಬೇಕಾಯಿತು. ಜನ ದುಡ್ಡು ಕೊಡುವುದು ಕಾಫಿಗಲ್ಲ, ಕುರ್ಚಿಗೆ. ಹುಡುಗಿ ನೋಡುವ ಶಾಸ್ತ್ರಕ್ಕೆ ಮುಂಚೆ ‘ಸುಮ್ಮನೆ ಒಮ್ಮೆ ಮಾತಾಡೋಣ’ ಎಂದು ಬಂದವರು, ಪಾಲಿಸಿ ಮಾಡಿಸುವವರು, ಸೈಟು ಮಾರುವವರು, ಇಂಟರ್‌ವ್ಯೂಗೆ ಒಂದು ಗಂಟೆ ಮೊದಲೇ ಬಂದು ಬಾಯಿಪಾಠ ಹೇಳಿಕೊಳ್ಳುವವರು, ಜಗಳವಾಡಿ ಕಾಫಿಯನ್ನು ಹಾಗೇ ಬಿಟ್ಟು ಎದ್ದು ಹೋಗುವ ಜೋಡಿಗಳು. ಕಪ್ ಮುಟ್ಟುವ ಮೊದಲೇ ವೈಫೈ ಪಾಸ್‌ವರ್ಡ್ ಕೇಳುವವರಂತೂ ಲೆಕ್ಕವಿಲ್ಲ. ನನ್ನ ಜೊತೆ ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದವರಿಗೆ ನಾನು ‘ಸಕ್ಕರೆ ಕಮ್ಮಿ ಮಾಡ್ಲಾ?’ ಎಂದರೆ ಸಾಕು, ಮುಖ ಅರಳಿ ‘ಅಯ್ಯೋ, ಕನ್ನಡದವರಾ?’ ಎನ್ನುತ್ತಿದ್ದರು.

ಭಾನುವಾರ ಬರುತ್ತಿದ್ದ ಹಿರಿಯರೊಬ್ಬರಿಗೆ ಎಂ.ಜಿ. ರಸ್ತೆಯ ಹಳೆಯ ಇಂಡಿಯಾ ಕಾಫಿ ಹೌಸ್ ಎಂದರೆ ಪ್ರಾಣ. ‘ಪೇಟ ತೊಟ್ಟ ವೇಟರ್‌ಗಳು ಕಾಫಿ ಇಟ್ಟು ಹೋದ್ರೆ ಮುಗೀತಮ್ಮ. ಅರ್ಧ ದಿನ ಹರಟೆ ಹೊಡೀತಿದ್ವಿ. ಏಳಿ ಅಂತ ಯಾರೂ ಅಂತಿರಲಿಲ್ಲ’ ಎನ್ನುವರು. 2009ರಲ್ಲಿ ಅದು ಚರ್ಚ್ ಸ್ಟ್ರೀಟಿಗೆ ಹೋದದ್ದನ್ನು ಸ್ವಂತ ಮನೆ ಖಾಲಿ ಮಾಡಿದ ಹಾಗೆ ವರ್ಣಿಸುತ್ತಿದ್ದರು.

ನಮ್ಮಲ್ಲಿ ಹಾಗಿರಲಿಲ್ಲ. ‘ಏಳಿ’ ಅನ್ನುವಂತಿಲ್ಲ. ಅದಕ್ಕೆ ಬೇರೆಯದೇ ಮಾತಿದೆ: ‘ಇನ್ನೇನಾದರೂ ಬೇಕಾ ಸರ್?’ ನಗುನಗುತ್ತಾ ಕೇಳಬೇಕು. ಖಾಲಿ ಕಪ್ ಎತ್ತುತ್ತಾ ಒಮ್ಮೆ, ಟೇಬಲ್ ಒರೆಸುತ್ತಾ ಇನ್ನೊಮ್ಮೆ. ಎರಡನೇ ಸಲಕ್ಕೆ ಬಹಳಷ್ಟು ಜನ ತಾವಾಗೇ ಎದ್ದುಬಿಡುತ್ತಾರೆ.

ಮೂಲೆಯ ಟೇಬಲ್ಲಿಗೆ ಒಬ್ಬರು ದಿನಾ ಬರುತ್ತಿದ್ದರು. ನಲವತ್ತರ ಆಸುಪಾಸು. ಇಸ್ತ್ರಿ ಮಾಡಿದ ಶರ್ಟು, ಲ್ಯಾಪ್‌ಟಾಪ್ ಬ್ಯಾಗು. ಕೊರಳಲ್ಲಿ ಐಡಿ ಕಾರ್ಡ್ ಮಾತ್ರ ಇರಲಿಲ್ಲ. ಬೆಳಿಗ್ಗೆ ಹತ್ತಕ್ಕೇ ಬರುತ್ತಾರೆ ಎಂದು ಬೆಳಗಿನ ಪಾಳಿಯ ಹುಡುಗ ಹೇಳಿದ್ದ. ಒಂದೇ ಒಂದು ಅಮೆರಿಕಾನೊ, ಸಂಜೆ ಆರರವರೆಗೆ. ಒಮ್ಮೆ ಪಕ್ಕದ ಟೇಬಲ್ ಒರೆಸುವಾಗ ಅವರು ಫೋನಿನಲ್ಲಿ ‘ಊಟ ಆಯ್ತು ಕಣೇ, ಮೀಟಿಂಗ್‌ನಲ್ಲಿದ್ದೀನಿ’ ಎನ್ನುವುದು ಕೇಳಿಸಿತು. ಅವರ ಮುಂದೆ ಊಟವೂ ಇರಲಿಲ್ಲ, ಮೀಟಿಂಗೂ ಇರಲಿಲ್ಲ. ನನಗೆ ಅಂದೇ ಅರ್ಥವಾಗಬೇಕಿತ್ತು. ನಿಜ ಹೇಳುತ್ತೇನೆ, ಅರ್ಥವಾಗಿತ್ತು.

ಒಂದು ಶನಿವಾರ ಅಂಗಡಿ ತುಂಬಿ, ಬಾಗಿಲ ಬಳಿ ಜನ ನಿಂತಿದ್ದರು. ಮ್ಯಾನೇಜರ್ ನನ್ನತ್ತ ನೋಡಿ ‘ಮೂಲೆ ಟೇಬಲ್ ಖಾಲಿ ಮಾಡಿಸು’ ಎಂದರು. ಅವರನ್ನು ಕೆಟ್ಟವರೆನ್ನಲಾರೆ. ಅಂಗಡಿ ಬಾಡಿಗೆ ಅವರ ತಲೆಯ ಮೇಲಿತ್ತು, ಪಿ.ಜಿ ಬಾಡಿಗೆ ನನ್ನ ತಲೆಯ ಮೇಲೆ. ಹೋಗಿ ಕೇಳಿದೆ. ಅವರು ತಲೆ ಅಲ್ಲಾಡಿಸಿದರು. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದೆ. ಮೂರನೇ ಸಲ ಕೇಳಿದಾಗ ಅವರು ಮೆನು ಎಳೆದುಕೊಂಡು, ಹೆಸರು ಬಿಟ್ಟು ಬೆಲೆಯ ಸಾಲನ್ನಷ್ಟೇ ಮೇಲಿಂದ ಕೆಳಗೆ ಓದಿದರು. ಪರ್ಸಿನೊಳಗೆ ಇಣುಕಿ, ‘ಒಂದು ಎಸ್ಪ್ರೆಸೊ’ ಎಂದರು. ತಂದಿಟ್ಟ ತಕ್ಷಣ ಎರಡೇ ಗುಟುಕಿಗೆ ಮುಗಿಸಿ, ‘ಥ್ಯಾಂಕ್ಸ್’ ಹೇಳಿ, ಬ್ಯಾಗ್ ಹೆಗಲಿಗೇರಿಸಿ ಹೊರಟರು.

ಸೋಮವಾರ ಬರಲಿಲ್ಲ. ಆಮೇಲೂ ಬರಲಿಲ್ಲ.

ಮೂರು ವಾರದ ನಂತರ ಫೋರ್ತ್ ಬ್ಲಾಕಿನ ದರ್ಶಿನಿಯೊಂದರಲ್ಲಿ ಟೋಕನ್ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಅವರು! ತಪ್ಪಿಸಿಕೊಂಡು ಹೋಗೋಣ ಎನ್ನುವಷ್ಟರಲ್ಲಿ ಅವರೇ ಗುರುತು ಹಿಡಿದು ನಕ್ಕರು. ‘ಸಾರಿ ಸರ್, ಅವತ್ತು...’ ಎಂದೆ. ಮುಂದೆ ಮಾತು ಹೊರಡಲಿಲ್ಲ.

‘ಬಿಡಮ್ಮ, ನಿನ್ನ ಕೆಲಸ ನೀನು ಮಾಡಿದೆ. ನನ್ನ ಕೆಲಸ ಹೋಗಿತ್ತು. ಮನೇಲಿ ಹೇಳೋಕೆ ಧೈರ್ಯ ಇರಲಿಲ್ಲ. ಬೆಳಿಗ್ಗೆ ಎದ್ದು ಎಲ್ಲಾದ್ರೂ ಹೋಗಲೇಬೇಕಲ್ಲ’ ಎಂದರು.

‘ಈಗ?’

‘ಮನೇಲಿ ಹೇಳಿಬಿಟ್ಟೆ. ಅವತ್ತು ಸಂಜೆಯೇ. ಇನ್ನೆಲ್ಲೂ ಕೂರೋಕೆ ಜಾಗ ಉಳಿದಿರಲಿಲ್ಲ ನೋಡು. ಈಗ ಲೈಬ್ರರಿಗೆ ಹೋಗಿ ಅರ್ಜಿ ಹಾಕ್ತೀನಿ.’

ನನ್ನ ಟೋಕನ್ ನನ್ನ ಕೈಯಲ್ಲೇ ಉಳಿಯಿತು. ಅವರ ಟೋಕನ್ನಿಗೇ ಒಂದು ಬೈಟು ಹಾಕಿಸಿ, ಅರ್ಧ ಲೋಟ ನನ್ನ ಮುಂದಿಟ್ಟರು. ಇಬ್ಬರೂ ನಿಂತೇ ಕುಡಿದೆವು. ಅಲ್ಲಿ ಇನ್ನೇನು ಬೇಕು ಎಂದು ಯಾರೂ ಕೇಳುವುದಿಲ್ಲ. ಕೂರಲು ಕುರ್ಚಿಯೂ ಇಲ್ಲ.

ಅವರಿಗೆ ಕೆಲಸ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ನಾನಂತೂ ಈಗಲೂ ಅದೇ ಕಾಫಿ ಶಾಪ್‌ನಲ್ಲಿದ್ದೇನೆ. ಶನಿವಾರದ ರಶ್ಶಿನಲ್ಲಿ ಟೇಬಲ್ ಖಾಲಿ ಮಾಡಿಸುವುದು ಈಗಲೂ ತಪ್ಪಿಲ್ಲ. ಆದರೆ ಉಳಿದ ದಿನಗಳಲ್ಲಿ ಯಾರಾದರೂ ಖಾಲಿ ಕಪ್ಪಿನ ಮುಂದೆ ಬಹಳ ಹೊತ್ತು ಒಬ್ಬರೇ ಕೂತಿದ್ದರೆ ಆ ಹಳೆಯ ಪ್ರಶ್ನೆ ಕೇಳುವುದಿಲ್ಲ. ಒಂದು ಲೋಟ ನೀರು ತಂದಿಟ್ಟು ಬರುತ್ತೇನೆ. ಅದಕ್ಕೆ ಬಿಲ್ ಇಲ್ಲ.