ಚಾರ್ಜ್ ಆಗುವ ಫೋನು ಲಿನಕ್ಸ್‌ಗೆ ಕಾಣದೇಕೆ?

ಪ್ರಶ್ನೆ: ಉಬುಂಟು ಲಿನಕ್ಸ್ ಇರುವ ಲ್ಯಾಪ್‌ಟಾಪ್‌ಗೆ ಆಂಡ್ರಾಯ್ಡ್ ಫೋನ್ ಜೋಡಿಸಿದರೆ ಚಾರ್ಜ್ ಆಗುತ್ತದೆ, ಫೋಟೊಗಳು ಮಾತ್ರ ಸಿಗುವುದಿಲ್ಲ. ಏಕೆ?

ಉತ್ತರ: ದಯವಿಟ್ಟು ಉಬುಂಟು ತೆಗೆದುಹಾಕಬೇಡಿ, ಮೊದಲು ಕೇಬಲ್ ಮೇಲೆ ಅನುಮಾನಪಡಿ. ಯುಎಸ್‌ಬಿ 2.0 ಕೇಬಲ್ಲಿನೊಳಗೆ 4 ತಂತಿಗಳು. ಸಾಮಾನ್ಯವಾಗಿ ಕೆಂಪು, ಕಪ್ಪು ವಿದ್ಯುತ್ತಿಗೆ. ಬಿಳಿ, ಹಸಿರು ಮಾಹಿತಿಗೆ. ಚಾರ್ಜಿಂಗ್‌ಗೆಂದೇ ಮಾಡಿದ ಅಗ್ಗದ ಕೇಬಲ್‌ಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ.

ಫೋನ್ ಕಿತ್ತು ಟರ್ಮಿನಲ್‌ನಲ್ಲಿ 'lsusb' ಕಮಾಂಡ್ ಕೊಡಿ, ಯುಎಸ್‌ಬಿ ಸಾಧನಗಳ ಪಟ್ಟಿ ಬರುತ್ತದೆ. ಫೋನ್ ಜೋಡಿಸಿ ಇನ್ನೊಮ್ಮೆ ಕೊಡಿ. ಪಟ್ಟಿಗೆ ಹೊಸ ಸಾಲು ಸೇರಲಿಲ್ಲವೇ? ಕೇಬಲ್ ಬದಲಿಸಿ, ಆಮೇಲೆ ಪೋರ್ಟ್ ಬದಲಿಸಿ. ಸಾಲು ಸೇರಿತೆಂದರೆ ಲಿನಕ್ಸ್ ಫೋನನ್ನು ಗುರುತಿಸಿದೆ, ತಡೆ ಇರುವುದು ಹೆಚ್ಚಾಗಿ ಫೋನಿನಲ್ಲಿ. ನಿಮ್ಮ ಫೈಲ್‌ಗಳ ಭದ್ರತೆಗಾಗಿ ಆಂಡ್ರಾಯ್ಡ್ ಮೊದಲಿಗೆ ಚಾರ್ಜಿಂಗ್ ಮಾತ್ರ ಬಿಡುತ್ತದೆ. ಲಾಕ್ ತೆಗೆದು, ಪರದೆಯ ಮೇಲಂಚಿನಿಂದ ಕೆಳಕ್ಕೆ ಎಳೆದು, ಯುಎಸ್‌ಬಿ ನೋಟಿಫಿಕೇಶನ್ ಒತ್ತಿ 'ಫೈಲ್ ಟ್ರಾನ್ಸ್‌ಫರ್' ಆರಿಸಿ.